ಮೂರು ಕಾರ್ಡ್, ಒಂದು ಸುಳ್ಳು: ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕನ್ನಡದ ಕಂಟ್ರಿ ಹಾಡು ಮಾಡುವುದು ಹೇಗೆ

ನಾನು ಬೆಳೆದದ್ದು ಕಾಕ್ಸ್‌ಟೌನಿನ ಒಂದು ವಠಾರದಲ್ಲಿ. ಕೆಳಗಿನ ಮನೆಯ ಅಂಕಲ್ ಆಂಗ್ಲೋ ಇಂಡಿಯನ್, ರೈಲ್ವೆಯಿಂದ ರಿಟೈರ್ ಆದವರು. ಭಾನುವಾರ ಚರ್ಚಿನಿಂದ ಬಂದವರೇ ಬಾಗಿಲು ತೆರೆದಿಟ್ಟು ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ರೆಕಾರ್ಡ್ ಹಾಕುತ್ತಿದ್ದರು. ಮೇಲೆ ನಮ್ಮನೆಯಲ್ಲಿ ಅಮ್ಮ ರೇಡಿಯೊದಲ್ಲಿ ಭಾವಗೀತೆ ಹಾಕಿರುತ್ತಿದ್ದಳು. ಎರಡೂ ಮೆಟ್ಟಿಲಿನ ಹತ್ತಿರ ಬಂದು ಸೇರುತ್ತಿದ್ದವು. ನನಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಆ ಮನುಷ್ಯ ಯಾರದ್ದೋ ಕಿವಿ ಹತ್ತಿರ ಬಾಯಿಟ್ಟು ಏನೋ ಬೇಡಿಕೊಳ್ಳುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು.

ಹೋದ ವರ್ಷ ನಾನೂ ನನ್ನ ಆಫೀಸಿನ ಹುಡುಗನೂ ಸೇರಿ ಕನ್ನಡದಲ್ಲಿ ಅಂಥದ್ದೊಂದು ಹಾಡು ಮಾಡಿದೆವು. ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಆರು ತಿಂಗಳು ಹೋಗಿದ್ದು ತಪ್ಪು ಮಾಡುವುದರಲ್ಲೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಿಟಾರಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುತ್ತದೆ, ಶ್ರುತಿ ತಪ್ಪದೆ ಹಾಡಲು ಬರುತ್ತದೆ ಅನ್ನುವವರಿಗೆ ಇಷ್ಟು ಸಾಕು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಕಂಟ್ರಿ ಅಂದ ತಕ್ಷಣ ನಮ್ಮಲ್ಲಿ "ಓ, ಜನಪದ" ಅನ್ನುತ್ತಾರೆ. ಅಲ್ಲ. ಬೇರು ಹಳ್ಳಿಯದೇ ಇರಬಹುದು, ಆದರೆ ಕಂಟ್ರಿ ಅನ್ನುವುದು ಹುಟ್ಟಿನಿಂದಲೇ ರೇಡಿಯೊ ಮತ್ತು ರೆಕಾರ್ಡಿನ ವ್ಯಾಪಾರ. ಅಮೆರಿಕದ ನ್ಯಾಶ್‌ವಿಲ್‌ನ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ಶುರುವಾಗಿದ್ದು 1925ರಲ್ಲಿ. 1927ರಲ್ಲಿ ರಾಲ್ಫ್ ಪಿಯರ್ ಅನ್ನುವ ರೆಕಾರ್ಡ್ ಕಂಪನಿಯ ಮನುಷ್ಯ ಬ್ರಿಸ್ಟಲ್ ಅನ್ನುವ ಊರಿಗೆ ಯಂತ್ರ ಹೊತ್ತುಕೊಂಡು ಹೋಗಿ, ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಹಾಡಿದ್ದನ್ನು ಮುದ್ರಿಸಿಕೊಂಡ. ಅಲ್ಲಿಂದ ಮುಂದೆ ಅದು ಊರು ಬಿಟ್ಟು ಬಂದವರು ಊರನ್ನು ನೆನೆಸಿಕೊಂಡು ದುಡ್ಡು ಕೊಟ್ಟು ಕೇಳುವ ಹಾಡು. ಈಗ ಹೇಳಿ, ಬೆಂಗಳೂರಿಗಿಂತ ಒಳ್ಳೆಯ ಜಾಗ ಇದೆಯಾ? ಇಲ್ಲಿ ಪ್ರತಿ ಬೀದಿಗೆ ಮೂರು ಪಿಜಿ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಒಂದು ಸಲ ನಿಂತು ನೋಡಿ.

ಹಾಗಾಗಿ ಡೊಳ್ಳು, ತಮಟೆ, "ಏ ಮಾವ" ಅನ್ನುವ ಕೂಗು ಇವೆಲ್ಲ ಬೇಡ. ಅವು ಚೆನ್ನಾಗಿಯೇ ಇರುತ್ತವೆ, ಆದರೆ ಆ ಸಾಮಾನು ಬೇರೆ.

ಸುಳ್ಳು ಹುಡುಕಿ

ಹಾರ್ಲನ್ ಹೋವರ್ಡ್ ಅನ್ನುವ ಹಾಡು ಬರೆಯುವವನು ಕಂಟ್ರಿ ಅಂದರೆ ಮೂರು ಕಾರ್ಡ್ ಮತ್ತು ಸತ್ಯ ಅಂದನಂತೆ. ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಎರಡು ತಿಂಗಳು ಸತ್ಯ ಬರೆದೆ. ನನ್ನ ಬೇಸರ, ನನ್ನ ಟ್ರಾಫಿಕ್, ನನ್ನ ಒಂಟಿತನ. ಓದಿದರೆ ನನಗೇ ಆಕಳಿಕೆ.

ಆಮೇಲೆ ಗಮನಿಸಿದೆ. ನನಗೆ ಇಷ್ಟವಾದ ಹಾಡುಗಳಲ್ಲೆಲ್ಲ ಒಂದು ಸಣ್ಣ ಸುಳ್ಳು ಇದೆ. ಜಿಮ್ ರೀವ್ಸ್‌ನ 'ಹೀಲ್ ಹ್ಯಾವ್ ಟು ಗೋ' ತೆಗೆದುಕೊಳ್ಳಿ. ಒಬ್ಬ ಬಾರಿನಿಂದ ಫೋನ್ ಮಾಡುತ್ತಿದ್ದಾನೆ. ಆ ಕಡೆ ಅವಳ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ ಅಂತ ಇವನಿಗೆ ಗೊತ್ತು. ಆದರೂ ನಾವಿಬ್ಬರೇ ಇದ್ದೇವೆ ಅಂದುಕೊಳ್ಳೋಣ ಅನ್ನುತ್ತಾನೆ. ಹಾಡೆಲ್ಲ ಆ ಒಂದು ನಾಟಕದ ಮೇಲೆ ನಿಂತಿದೆ. ಪ್ರೀತಿ ಇರುವ ಕಡೆ ಜನ ಹೇಳುವ ಸಣ್ಣ ಸುಳ್ಳನ್ನು ಹಿಡಿಯಿರಿ, ಹಿಂದಿನ ಸತ್ಯವನ್ನು ಕೇಳುವವರೇ ಹುಡುಕಿಕೊಳ್ಳುತ್ತಾರೆ.

ನಮ್ಮ ಸುಳ್ಳು ಸಿಕ್ಕಿದ್ದು ಆಫೀಸಿನ ಟೀ ಅಂಗಡಿ ಮುಂದೆ. ನಾನು ಹೇಳಿದ ಹುಡುಗ ಹಾವೇರಿ ಕಡೆಯವನು. ಯುಗಾದಿ ದಿನ ರಜೆ ಸಿಗಲಿಲ್ಲ, ಪಿಜಿಯ ಅಡುಗೆಯವರೂ ಊರಿಗೆ ಹೋಗಿದ್ದರು. ಬನ್ನು ಟೀ ಕುಡಿದುಕೊಂಡು ನಿಂತಿದ್ದಾಗ ಅವನ ಅವ್ವನ ಫೋನ್ ಬಂತು. "ಊಟ ಆತೇನೊ?" ಅಂತ ಕೇಳಿರಬೇಕು. ಇವನು "ಆತು, ಹೋಳಿಗಿ ಮಾಡಿದ್ರು" ಅಂದ. ಫೋನ್ ಇಟ್ಟು ಬನ್ನು ಟೀಯಲ್ಲಿ ಅದ್ದಿದ. ನಾನು ಏನೂ ಮಾತಾಡಲಿಲ್ಲ. ಅಂದು ಸಂಜೆ ಅವನಿಗೇ ಹೇಳಿದೆ, ಇದು ಹಾಡು ಕಣೋ ಅಂತ.

ನೀವೂ ಹೀಗೆ ಒಂದು ತಿಂಗಳು ಸುಮ್ನೆ ಕಿವಿ ತೆರೆದಿಟ್ಟು ಓಡಾಡಿ. ಫೋನಿನಲ್ಲಿ ಜನ ಹೇಳುವ ಸುಳ್ಳು ಬರೆದುಕೊಳ್ಳಿ. "ಇಲ್ಲೇ ಬಂದೆ, ಎರಡು ನಿಮಿಷ." "ಏನಿಲ್ಲ, ನೆಗಡಿ ಅಷ್ಟೇ." "ದುಡ್ಡು ಇದೆಯಮ್ಮ." ಒಂದೊಂದರಲ್ಲೂ ಮೂರು ನಿಮಿಷದ ಹಾಡಿದೆ. ಒಂದೇ ಎಚ್ಚರಿಕೆ: ಬೇರೆಯವರ ಬದುಕನ್ನು ತೆಗೆದುಕೊಂಡರೆ ಅವರನ್ನು ಕೇಳಿ ತೆಗೆದುಕೊಳ್ಳಿ, ಸಾಧ್ಯವಾದರೆ ಬರೆಯಲು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಸುಳ್ಳು ಸಿಕ್ಕಮೇಲೆ ಅದನ್ನು ಮೂರು ಸಲ ತಿರುಗಿಸಬೇಕು. ಕಂಟ್ರಿ ಹಾಡಿನ ಹಳೆಯ ಕೈಚಳಕ ಇದು: ಪಲ್ಲವಿಯ ಮಾತು ಅದೇ, ಪ್ರತಿ ಚರಣ ಆದಮೇಲೆ ಅದರ ಅರ್ಥ ಬೇರೆ. ನಮ್ಮದರಲ್ಲಿ ಮೊದಲ ಚರಣಕ್ಕೆ ಅವ್ವ ಕೇಳುತ್ತಾಳೆ, ಮಗ ಸುಳ್ಳು ಹೇಳುತ್ತಾನೆ. ಎರಡನೆಯದರಲ್ಲಿ ಮಗನಿಗೆ ಕೆಲಸ ಜಾಸ್ತಿ, ಅವ್ವನ ಫೋನ್ ಬಂದರೆ "ಆಮೇಲೆ ಮಾಡ್ತೀನಿ" ಅನ್ನುತ್ತಾನೆ. ಮೂರನೆಯದರಲ್ಲಿ ಅಪ್ಪ ಇಲ್ಲ, ಅವ್ವ ಊರಲ್ಲಿ ಒಬ್ಬಳೇ. ಈಗ ಮಗ ಫೋನ್ ಮಾಡಿ ಕೇಳುತ್ತಾನೆ. ಅವ್ವ "ಆತಪಾ" ಅನ್ನುತ್ತಾಳೆ. ಹಿಂದೆ ಪಾತ್ರೆಯ ಸದ್ದಿಲ್ಲ, ಟಿವಿಯ ಸದ್ದಿಲ್ಲ. ಅಷ್ಟೇ, ಹಾಡು ಮುಗಿಯಿತು. ಅವಳು ಸುಳ್ಳು ಹೇಳಿದಳು ಅಂತ ನಾವು ಎಲ್ಲೂ ಬರೆದಿಲ್ಲ. ಮೊದಲ ಸಲ ಬರೆದಿದ್ದೆ. ಹುಡುಗ ಹೊಡೆದುಹಾಕಿದ, ಅವನೇ ಸರಿ.

ಕನ್ನಡ ಈ ತಾಳಕ್ಕೆ ಕೂರಬೇಕಲ್ಲ

ಇಲ್ಲೇ ಜಾಸ್ತಿ ಜನ ಸೋಲುತ್ತಾರೆ. ಇಂಗ್ಲಿಷ್ ಹಾಡಿನ ರಾಗ ಹಿಡಿದು ಅದಕ್ಕೆ ಕನ್ನಡ ತುಂಬುತ್ತಾರೆ. ಕೇಳಿದರೆ ಡಬ್ಬಿಂಗ್ ಸೀರಿಯಲ್ಲಿನ ಹಾಗಿರುತ್ತದೆ. ಕಾರಣ ಇದೆ.

ಒಂದು, ನಮ್ಮ ಪದಗಳಿಗೆ ಒತ್ತು ಮೊದಲ ಅಕ್ಷರದ ಮೇಲೆ. ಇಂಗ್ಲಿಷ್ ಸಾಲು ಒಂದು ಸಣ್ಣ ಪದದಿಂದ ಎಡವಿಕೊಂಡು ಬಂದು ಆಮೇಲೆ ತಾಳದ ಪೆಟ್ಟಿಗೆ ಬೀಳುತ್ತದೆ. ಕನ್ನಡದ ಸಾಲನ್ನು ನೇರ ಪೆಟ್ಟಿನ ಮೇಲೆಯೇ ಶುರುಮಾಡಿ. ಎರಡು, ನಮ್ಮಲ್ಲಿ ಹ್ರಸ್ವ ದೀರ್ಘಕ್ಕೆ ಬೆಲೆ ಇದೆ. ಗಿಡ್ಡ ಅಕ್ಷರವನ್ನು ಎಳೆದರೆ 'ಹಳೆ' ಹೋಗಿ 'ಹಾಳೆ' ಆಗುತ್ತದೆ. ಎಳೆಯುವ ಜಾಗಕ್ಕೆ ಹುಟ್ಟಾ ದೀರ್ಘ ಇರುವ ಪದವನ್ನೇ ಹುಡುಕಿ.

ಇದಕ್ಕೆ ಹೊರಗೆ ಎಲ್ಲೂ ಹೋಗಬೇಕಿಲ್ಲ. ಸ್ಕೂಲಿನಲ್ಲಿ ಬೈಸಿಕೊಂಡು ಕಲಿತ ರಗಳೆ ನೆನಪಿದೆಯಾ? ಉತ್ಸಾಹ ರಗಳೆಯಲ್ಲಿ ಮೂರು ಮಾತ್ರೆಯ ಗಣ, ಮಂದಾನಿಲದಲ್ಲಿ ನಾಲ್ಕು, ಲಲಿತದಲ್ಲಿ ಐದು. ಕಂಟ್ರಿಯಲ್ಲಿ ವಾಲ್ಟ್ಜ್ ಅನ್ನುತ್ತಾರಲ್ಲ, ಒಂದು ಎರಡು ಮೂರು, ಒಂದು ಎರಡು ಮೂರು ಅಂತ ತೂಗುವುದು, ಅದಕ್ಕೆ ಉತ್ಸಾಹದ ಗಣ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ನಮ್ಮ ಒಂದು ಸಾಲು ನೋಡಿ:

ಬನ್ನು | ಟೀಲಿ | ಮುಗಿದ | ಹಬ್ಬ

ನಾಲ್ಕೂ ಗಣ ಮೂರು ಮಾತ್ರೆ. ಬಾಯಲ್ಲಿ ಹೇಳಿಕೊಂಡರೆ ಗಿಟಾರ್ ತಾನೇ ಹಿಂದೆ ಬರುತ್ತದೆ. 'ಊಟ' ಅನ್ನುವ ಪದವೇ ಒಂದು ವಾಲ್ಟ್ಜ್: 'ಊ' ಎರಡು, 'ಟ' ಒಂದು. ನನಗೆ ಇದು ಹೊಳೆದಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಾ. ಅಲ್ಲಿ ಯೋಚನೆ ಮಾಡಲು ಬೇಕಾದಷ್ಟು ಟೈಮ್ ಸಿಗುತ್ತದೆ.

ಮೂರನೆಯ ತೊಂದರೆ ಪ್ರಾಸ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ: ಬಂದೆನು, ನಿಂದೆನು, ತಂದೆನು. ಪುಕ್ಕಟೆ ಸಿಕ್ಕಿದ್ದರ ರುಚಿಯೂ ಅಷ್ಟೇ. ಸಾಲನ್ನು ತಿರುಗಿಸಿ, ಕೊನೆಗೆ ಒಂದು ವಸ್ತು ಬರುವ ಹಾಗೆ ಮಾಡಿ. "ಹಬ್ಬ ಬನ್ನು ಟೀಯಲ್ಲಿ ಮುಗಿಯಿತು" ಅಂದರೆ ವರದಿ. "ಬನ್ನು ಟೀಲಿ ಮುಗಿದ ಹಬ್ಬ" ಅಂದರೆ ಕೊನೆಗೆ ಕೈಯಲ್ಲಿ ಹಬ್ಬ ಉಳಿಯುತ್ತದೆ. ಎಲ್ಲಾ ಸಾಲಿಗೂ ಹೀಗೇ ಮಾಡಬೇಡಿ, ಪ್ಯಾರಡಿ ಆಗುತ್ತದೆ.

ಇನ್ನು ಯಾವ ಕನ್ನಡ? ಈ ವಿಷಯಕ್ಕೆ ನಾವಿಬ್ಬರೂ ಮೂರು ವಾರ ಮಾತು ಬಿಟ್ಟಿದ್ದೆವು. ನಾನು "ಊಟ ಆಯ್ತಾ" ಅಂತ ಬರೆದಿದ್ದೆ. ಅವನು, ನಮ್ಮವ್ವ ಹಂಗ ಅನ್ನಂಗಿಲ್ಲ ಸರ್, "ಊಟ ಆತೇನೊ" ಅಂತಾಳ ಅಂದ. ಕೊನೆಗೆ ದಾರಿ ಸಿಕ್ಕಿತು. ಮೊದಲ ಚರಣದಲ್ಲಿ ಅವ್ವ "ಊಟ ಆತೇನೊ" ಅನ್ನುತ್ತಾಳೆ. ಮೂರನೆಯದರಲ್ಲಿ ಮಗ ಅವಳಿಗೆ "ಊಟ ಆಯ್ತಾ" ಅನ್ನುತ್ತಾನೆ. ನಡುವೆ ಎಷ್ಟು ವರ್ಷ ಬೆಂಗಳೂರಲ್ಲಿ ಕಳೆದ ಅಂತ ಬೇರೆ ಹೇಳಬೇಕಾ? 'ಆತೇನೊ' ಮೂರರ ತಾಳಕ್ಕೆ ಸರಿಯಾಗಿ ಕೂರುವುದಿಲ್ಲ, 'ತೇ' ಒಂದು ಮೂರರ ಗುಂಪಿನಿಂದ ಇನ್ನೊಂದಕ್ಕೆ ಕಾಲು ಚಾಚುತ್ತದೆ. ಬಿಟ್ಟುಬಿಟ್ಟೆವು. ಅವ್ವ ಸ್ವಲ್ಪ ತಡವರಿಸಿ ಕೇಳಿದ ಹಾಗಿರುತ್ತದೆ.

ಊರಿನ ಹೆಸರು ಹಾಕಬೇಕಾ ಅಂತ ಕೇಳುತ್ತಾರೆ. ಹಾಕಿ, ಆದರೆ ಅದು ಬಾಯಿಗೆ ಸಿಹಿ ಇರಬೇಕು, ಅಷ್ಟೇ ಮುಖ್ಯ. ನಮ್ಮ ಕಾಲೇಜುಗಳಲ್ಲಿ ಗಿಟಾರ್ ಹಿಡಿದವರೆಲ್ಲ ಹಾಡುವ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ವೆಸ್ಟ್ ವರ್ಜೀನಿಯಾದ ಹಾಡು ತಾನೇ? ಅದನ್ನು ಬರೆಯಲು ಶುರುಮಾಡಿದ ಬಿಲ್ ಡ್ಯಾನಾಫ್ ಮತ್ತು ಟ್ಯಾಫಿ ನಿವರ್ಟ್ ಆಗ ಕಾರು ಓಡಿಸುತ್ತಿದ್ದದ್ದು ಪಕ್ಕದ ಮೇರಿಲ್ಯಾಂಡ್‌ನಲ್ಲಿ. ಜಾನ್ ಡೆನ್ವರ್ ಜೊತೆ ಕೂತು ಮುಗಿಸಿದರು, 1971ರಲ್ಲಿ ಹಾಡು ಬಂತು, 2014ರಲ್ಲಿ ವೆಸ್ಟ್ ವರ್ಜೀನಿಯಾ ಅದನ್ನು ತನ್ನ ಅಧಿಕೃತ ಹಾಡುಗಳಲ್ಲಿ ಒಂದಾಗಿ ಮಾಡಿಕೊಂಡಿತು. ನಾವು 'ಹಾವೇರಿ' ಹಾಕಿಕೊಂಡೆವು. 'ಹಾ' ಎಷ್ಟು ಬೇಕಾದರೂ ಎಳೆಯಬಹುದು.

ಕಾರ್ಡ್, ವಾದ್ಯ

ಕಾರ್ಡ್ ಮೂರೇ. ನ್ಯಾಶ್‌ವಿಲ್‌ನ ಸ್ಟುಡಿಯೊಗಳಲ್ಲಿ ಸಿ, ಎಫ್, ಜಿ ಅಂತ ಬರೆಯುವುದಿಲ್ಲ. 1, 4, 5 ಅಂತ ಅಂಕಿ ಬರೆಯುತ್ತಾರೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಅನ್ನುವ ಕೋರಸ್ ತಂಡದ ನೀಲ್ ಮ್ಯಾಥ್ಯೂಸ್ ಶುರುಮಾಡಿದ್ದು, ಚಾರ್ಲಿ ಮೆಕಾಯ್ ಮುಂತಾದ ವಾದ್ಯಗಾರರು ಬೆಳೆಸಿದ್ದು. ಹಾಡುವವರ ಶ್ರುತಿ ಬದಲಾದರೂ ಅದೇ ಕಾಗದ ನಡೆಯುತ್ತದೆ. ನಮಗೆ ಇದು ಹೊಸದೇನಲ್ಲ, ಅಲ್ವಾ? 1, 4, 5 ಅಂದರೆ ಸ, ಮ, ಪ. ಯಾವ ಮನೆಯಿಂದ ಸ ಶುರುಮಾಡಿದರೂ ಲೆಕ್ಕ ಅದೇ. ನಾನು ಕಾಗದದ ಮೇಲೆ ಸ ಮ ಪ ಅಂತಲೇ ಬರೆದುಕೊಂಡೆ, ಪಿಟೀಲಿನವರಿಗೂ ಅದೇ ಅರ್ಥವಾಯಿತು.

ಪಿಟೀಲಿನ ವಿಷಯ ಹೇಳಬೇಕು. ಕಂಟ್ರಿಗೆ ಫಿಡಲ್ ಬೇಕು ಅಂತ ನಾನು ನಮ್ಮ ಏರಿಯಾದ ಕರ್ನಾಟಕ ಸಂಗೀತದ ಮೇಷ್ಟ್ರ ಹತ್ತಿರ ಹೋದೆ. ವಾದ್ಯ ಒಂದೇ, ಶ್ರುತಿ ಬೇರೆ. ಅವರ ತಂತಿಗಳು ಸ ಪ ಸ ಪ. ಫಿಡಲ್ ಜಿ ಡಿ ಎ ಇ. ಜಿ ಡಿ ಎ ಇ ಶ್ರುತಿಗೆ ಕಟ್ಟಿದ ಫಿಡಲ್ ವರಸೆಗೆ ಅವರ ಶ್ರುತಿಯಲ್ಲಿ ಬೆರಳಿನ ಜಾಗ ಬದಲಾಗುತ್ತದೆ. ಮೊದಲ ದಿನ ಅವರು ಗಮಕ ಹಾಕಿ ನುಡಿಸಿದರು, ಹಾಡು ಕಚೇರಿಗೆ ಹೊರಟಂತಾಯಿತು. ಎರಡನೆಯ ದಿನ ನಾನು, ಸಾರ್, ಬರೀ ಜಾರು ಇರಲಿ ಅಂದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಅಷ್ಟೇ. ಆಗ ಸ್ಟೀಲ್ ಗಿಟಾರಿನ ಅಳು ಬಂದೇಬಿಟ್ಟಿತು. ಸ್ಟೀಲ್ ಗಿಟಾರೂ ಹಳ್ಳಿ ಅಮೆರಿಕದ್ದಲ್ಲ, ಹವಾಯಿ ದ್ವೀಪದಿಂದ ಬಂದದ್ದು. ತಂತಿಯ ಮೇಲೆ ಸರಳು ಜಾರಿಸುವುದು ನಮ್ಮ ಗೋಟುವಾದ್ಯದಲ್ಲೂ ಇದೆ. ಕಾಲಿನ ಪೆಡಲ್ ಇರುವ ಸ್ಟೀಲ್ ಗಿಟಾರ್, ಅಂದರೆ ಪೆಡಲ್ ಸ್ಟೀಲ್, ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಾಮೂಲಿ ಗಿಟಾರಿನಲ್ಲಿ ಗಾಜಿನ ಸ್ಲೈಡ್ ಹಾಕಿಕೊಂಡರೂ ಮುಕ್ಕಾಲು ದಾರಿ ಬಂದಂತೆ.

ಹಾಂ, ಅಂಗಡಿಗೆ ಹೋಗಿ ಬ್ಯಾಂಜೊ ಕೊಡಿ ಅನ್ನಬೇಡಿ. ನಮ್ಮಲ್ಲಿ ಬ್ಯಾಂಜೊ ಅಂದರೆ ಬುಲ್‌ಬುಲ್ ತರಂಗ, ಟೈಪ್‌ರೈಟರ್ ಗುಂಡಿ ಇರುವುದು. ನನಗೆ ಅದನ್ನೇ ತೆಗೆದುಕೊಟ್ಟರು, ಪಾಪ, ತಪ್ಪು ಅವರದಲ್ಲ.

ಡ್ರಮ್ಸ್ ಬೇಕೇ ಬೇಕು ಅಂತಿಲ್ಲ. ಗಿಟಾರಿನ ಪೆಟ್ಟಿಗೆಯ ಮೇಲೆ ಅಂಗೈ ಬಡಿದರೆ ಸಾಕಾಯಿತು.

ರೆಕಾರ್ಡಿಂಗ್

ಬೆಂಗಳೂರಿನ ಮನೆಯಲ್ಲಿ ನಿಶ್ಶಬ್ದ ಅನ್ನುವುದು ಸಿಗುವುದಿಲ್ಲ, ಅದನ್ನು ಕಾದು ಹಿಡಿಯಬೇಕು. ಬೆಳಗ್ಗೆ ಕಸದ ಗಾಡಿಯ ಹಾಡು, ಆಮೇಲೆ ಕುಕ್ಕರ್, ಸೊಪ್ಪಿನವರು, ಪಕ್ಕದ ಸೈಟಿನಲ್ಲಿ ಕಲ್ಲು ಕೊಯ್ಯುವ ಮೆಷೀನು. ರಾತ್ರಿ ನಾಯಿ. ನಾನು ಒಂದು ವಾರ ಗಂಟೆಗಂಟೆಗೂ ಕಿವಿಗೊಟ್ಟು ಪಟ್ಟಿ ಮಾಡಿದೆ. ನಮ್ಮ ಬೀದಿಗೆ ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಒಳ್ಳೆಯದು, ಎಲ್ಲರೂ ಉಂಡು ಮಲಗಿರುತ್ತಾರೆ. ನಿಮ್ಮ ಬೀದಿಯದು ನೀವೇ ಕಂಡುಕೊಳ್ಳಿ. ಸಂಪಿನ ಮೋಟರ್ ಹಾಕಬೇಡಿ ಅಂತ ಓನರ್‌ಗೆ ಮೊದಲೇ ಹೇಳಿಡಿ.

ಅಂಗಡಿಯವರು ಕಂಡೆನ್ಸರ್ ಮೈಕ್ ತೋರಿಸುತ್ತಾರೆ. ಅದು ಸೂಕ್ಷ್ಮ, ನಿಮ್ಮ ದನಿಯ ಜೊತೆ ಮೂರನೇ ಮನೆಯ ಒಗ್ಗರಣೆಯನ್ನೂ ಹಿಡಿಯುತ್ತದೆ. ಇಂಥ ಮನೆಗೆ ಡೈನಾಮಿಕ್ ಮೈಕೇ ವಾಸಿ, ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಹಾಡುತ್ತಾರಲ್ಲ ಆ ತರದ್ದು. ಮೈಕ್, ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಹೆಡ್‌ಫೋನ್ ಮೂರೂ ಸೇರಿ ಇಪ್ಪತ್ತೈದು ಸಾವಿರದೊಳಗೆ ಮುಗಿಸಬಹುದು, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಕಡಿಮೆ. ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ, ಆಡಾಸಿಟಿ ಪುಕ್ಕಟೆ ಇದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಮುಖಮಾಡಿ ಹಾಡಿ, ಬೆನ್ನ ಹಿಂದೆ ಹಾಸಿಗೆ ಎಬ್ಬಿಸಿ ನಿಲ್ಲಿಸಿ. ಮೇ ತಿಂಗಳಲ್ಲಿ ಮಾಡಬೇಡಿ, ಫ್ಯಾನ್ ಹಾಕುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಕೂಗಬೇಡಿ. ಜಿಮ್ ರೀವ್ಸ್ ಮೊದಲು ಎಲ್ಲರ ಹಾಗೆ ಗಟ್ಟಿಯಾಗಿಯೇ ಹಾಡುತ್ತಿದ್ದ. 1957ರ ಹೊತ್ತಿಗೆ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ ಮೆಲ್ಲಗೆ ಹಾಡಲು ಶುರುಮಾಡಿದ. ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕಿಗೆ ಹತ್ತಿರ ಹೋದಷ್ಟೂ ದನಿಯ ಮಂದ್ರ ಉಬ್ಬುತ್ತದೆ. ಕಾಕ್ಸ್‌ಟೌನಿನ ಮೆಟ್ಟಿಲ ಮೇಲೆ ಕೂತಿದ್ದ ನನಗೆ ಅವನು ಯಾರದ್ದೋ ಕಿವಿಯಲ್ಲಿ ಹೇಳುತ್ತಿದ್ದಾನೆ ಅನ್ನಿಸಿದ್ದು ಅದಕ್ಕೇ. ನೀವು ನಾಲ್ಕು ಬೆರಳಿನಷ್ಟು ದೂರ ಇಟ್ಟುಕೊಳ್ಳಿ. 'ಪ', 'ಬ' ಬಂದಾಗ ಗಾಳಿ ನೇರ ಹೊಡೆಯದ ಹಾಗೆ ಮೈಕನ್ನು ಬಾಯಿಗೆ ಸ್ವಲ್ಪ ಓರೆ ಮಾಡಿ. ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಕುಣಿಯಲಿ, ಕೆಂಪು ಮುಟ್ಟಬಾರದು.

ತಪ್ಪಾದರೆ ತಕ್ಷಣ ಅಳಿಸಬೇಡಿ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್‌ನ 'ಡೋಂಟ್ ವರಿ' ಮುದ್ರಿಸುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತ್ತು. ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರ್ ಜೇನ್ನೊಣ ಕೂತ ಹಾಗೆ ಗೊರಗುಟ್ಟಿತು. ಹಾಗೇ ಬಿಟ್ಟರು. ಹಾಡು ಅಲ್ಲಿಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಕೆಟ್ಟ ಸದ್ದಿಗಾಗಿ ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಒಂದು ಪೆಟ್ಟಿಗೆಯನ್ನೇ ಮಾಡಿದ, ಅದೇ ಗಿಟಾರಿನ ಸದ್ದನ್ನು ಬೇಕೆಂದೇ ಕೆಡಿಸುವ ಫಜ್ ಪೆಡಲ್. ನಮ್ಮ ಮೂರನೇ ಚರಣದ ಕೊನೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು, ರೆಕಾರ್ಡಿಂಗ್ ನಿಲ್ಲಲಿಲ್ಲ. ಅಷ್ಟು ಹೊತ್ತು ಹಿಂದೆ ಗುಂಯ್ ಅಂತಿದ್ದ ಸದ್ದು "ಆತಪಾ" ಅಂದ ಮೇಲೆ ತಟ್ಟನೆ ಮಾಯ. ನಾಲ್ಕು ಸಲ ಮತ್ತೆ ಹಾಡಿದೆ, ಆ ಖಾಲಿ ಮನೆ ಮತ್ತೆ ಬರಲಿಲ್ಲ. ಮೊದಲನೆಯದೇ ಇಟ್ಟುಕೊಂಡೆವು.

ಯಾರಿಗೆ ಕೇಳಿಸಬೇಕು

ಮನೆಯವರಿಗೆ ಬೇಡ. ಚೆನ್ನಾಗಿದೆ ಅನ್ನುತ್ತಾರೆ. ನ್ಯಾಶ್‌ವಿಲ್‌ನಲ್ಲಿ 1982ರಿಂದ ಬ್ಲೂಬರ್ಡ್ ಕೆಫೆ ಅಂತ ಒಂದು ಪುಟ್ಟ ಜಾಗ ಇದೆ. ಸುಮಾರು ತೊಂಬತ್ತು ಕುರ್ಚಿ. ಹಾಡು ಬರೆಯುವವರು ನಾಲ್ಕು ಜನ ನಡುವೆ ಸುತ್ತ ಕೂತು ಸರದಿಯಲ್ಲಿ ಹಾಡುತ್ತಾರೆ, ಕೇಳುವವರು ಮಾತಾಡುವ ಹಾಗಿಲ್ಲ. ನಾವು ಅದನ್ನೇ ಮನೆಯ ತಾರಸಿಯ ಮೇಲೆ ಮಾಡಿದೆವು, ಭಜನೆಗೆ ಕೂತ ಹಾಗೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮರದ ಕೆಳಗೆ ಗಿಟಾರ್ ಹಿಡಿದು ಕೂತರೆ ಗುರುತಿಲ್ಲದವರೂ ನಿಂತು ಕೇಳುತ್ತಾರೆ. ಅವರ ಮುಖ ನೋಡಬೇಡಿ, ಕಾಲು ನೋಡಿ. ನಮ್ಮ ಎರಡನೇ ಚರಣಕ್ಕೆ ಮೂರು ವಾರವೂ ಜನ ಸರಿಯಾಗಿ ಅದೇ ಸಾಲಿನಲ್ಲಿ ಹೊರಟುಹೋದರು. ಆಫೀಸಿನ ಮೀಟಿಂಗ್ ಬಗ್ಗೆ ಇದ್ದ ನಾಲ್ಕು ಸಾಲು ಕಿತ್ತುಹಾಕಿದೆ. ಹಾಡು ಮೂರು ನಿಮಿಷ ಹತ್ತು ಸೆಕೆಂಡಿಗೆ ಇಳಿಯಿತು.

ಕಾಗದ ಪತ್ರ

ಬೋರ್ ಹೊಡೆಸುತ್ತದೆ, ಆದರೂ ಮಾಡಿ. ಸಾಹಿತ್ಯ ಯಾರದ್ದು, ರಾಗ ಯಾರದ್ದು, ಎಷ್ಟೆಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹ ಇರುವಾಗಲೇ ಹಾಕಿ. ನ್ಯಾಶ್‌ವಿಲ್‌ನಲ್ಲಿ ಸಾಮಾನ್ಯವಾಗಿ ಬರೆಯುವಾಗ ಕೋಣೆಯಲ್ಲಿದ್ದವರಿಗೆಲ್ಲ ಸಮಪಾಲು. ನಾವೂ ಅರ್ಧ ಅರ್ಧ. ಪಿಟೀಲು ಮೇಷ್ಟ್ರಿಗೆ ನುಡಿಸಿದ್ದಕ್ಕೆ ದುಡ್ಡು ಕೊಟ್ಟು ರಸೀದಿ ತೆಗೆದುಕೊಂಡೆವು, ಅವರು ನಕ್ಕರು.

ನಮ್ಮ ದೇಶದಲ್ಲಿ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಸಾಹಿತ್ಯ, ಸಂಗೀತ ಬರೆದವರ ರಾಯಲ್ಟಿಯ ಸಮಪಾಲನ್ನು ಯಾವ ಕಂಪನಿಯೂ ಬರೆಸಿಕೊಳ್ಳುವ ಹಾಗಿಲ್ಲ. ಅದನ್ನು ವಸೂಲಿ ಮಾಡಿಕೊಡುವುದಕ್ಕೆ ಐಪಿಆರ್‌ಎಸ್ ಅನ್ನುವ ಹಾಡು ಬರೆಯುವವರ, ಪ್ರಕಾಶಕರ ಸಂಘದ ಸದಸ್ಯರಾಗಿ. ಇನ್ನೊಂದು: ಇಂಗ್ಲಿಷ್ ಹಾಡಿನ ರಾಗಕ್ಕೆ ಕನ್ನಡ ಸಾಹಿತ್ಯ ಹಾಕಿ ಬಿಡುವ ಆಸೆ ಇದ್ದರೆ ಅನುಮತಿ ಬೇಕು. ಸುಮ್ನೆ ಹಾಕಿದರೆ ಯೂಟ್ಯೂಬ್ ಯಂತ್ರವೇ ಹಿಡಿದುಹಾಕಬಹುದು.

ಬಿಟ್ಟಮೇಲೆ

ಸ್ಪಾಟಿಫೈ ಮುಂತಾದ ಕಡೆ ನೇರವಾಗಿ ಹಾಕಲು ಆಗುವುದಿಲ್ಲ, ಹಾಡನ್ನು ಅಲ್ಲಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ ಹೋಗಬೇಕು. ಹಾಡಿಗೆ ಐಎಸ್‌ಆರ್‌ಸಿ ಅಂತ 12 ಅಕ್ಷರದ ಗುರುತು ಅವರೇ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಹಾಡನ್ನು ವಿಪರೀತ ಗಟ್ಟಿ ಮಾಡಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಗಟ್ಟಿತನದ ಅಳತೆ) ತಂದು ನಿಲ್ಲಿಸುತ್ತದೆ, ನಿಮ್ಮ ಗದ್ದಲವೆಲ್ಲ ದಂಡ. ಬಿಡುಗಡೆಗೆ ಕಡಿಮೆ ಅಂದರೆ ಏಳು ದಿನ ಮೊದಲು ಅವರ ಸಂಪಾದಕರಿಗೆ ಹಾಡಿನ ಬಗ್ಗೆ ಬರೆದು ಕಳಿಸಿ. ಕೇಳುವವರು 30 ಸೆಕೆಂಡ್ ನಿಂತರೆ ಮಾತ್ರ ಒಂದು ಲೆಕ್ಕ, ಹಾಗಾಗಿ ಒಂದು ನಿಮಿಷದ ಗಿಟಾರ್ ಪೀಠಿಕೆ ಬೇಡ. 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ದುಡ್ಡೂ ಇಲ್ಲ. ನಮ್ಮದು ಮೊದಲ ತಿಂಗಳು 340. ಅದರಲ್ಲಿ ನಲವತ್ತು ನಾನೇ ಇರಬೇಕು.

ಎಫ್‌ಎಂನವರಿಗೆ ಕಳಿಸಬೇಕಾ? ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು 2001ರಲ್ಲಿ ನಮ್ಮೂರಲ್ಲೇ, ಆದರೂ ಅಲ್ಲಿ ಬರುವುದು ಹೆಚ್ಚಾಗಿ ಸಿನಿಮಾ ಹಾಡು. ಕಳಿಸಿ, ಕಾಯಬೇಡಿ.

"ಇದು ಕಂಟ್ರೀನೇ ಅಲ್ಲ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅದಕ್ಕೆ ಅಂಜಬೇಡಿ, ಅಲ್ಲಿಯವರಿಗೂ ಅದೇ ಗತಿ. 1975ರ ಕಂಟ್ರಿ ಪ್ರಶಸ್ತಿ ಸಮಾರಂಭದಲ್ಲಿ ಜಾನ್ ಡೆನ್ವರ್ ಗೆದ್ದ ಅಂತ ಇದ್ದ ಚೀಟಿಗೆ ಗಾಯಕ ಚಾರ್ಲಿ ರಿಚ್ ವೇದಿಕೆ ಮೇಲೇ ಲೈಟರ್ ಹಚ್ಚಿದ, ಡೆನ್ವರ್ ಕಂಟ್ರಿಯೇ ಅಲ್ಲ ಅನ್ನುವ ಸಿಟ್ಟು ಅಂತ ಹಲವರು ಅರ್ಥ ಮಾಡಿಕೊಂಡರು. ಲಿಲ್ ನ್ಯಾಸ್ ಎಕ್ಸ್ ಅನ್ನುವ ಹುಡುಗ 30 ಡಾಲರಿಗೆ ಇಂಟರ್‌ನೆಟ್‌ನಲ್ಲಿ ಕೊಂಡ ಸಂಗೀತದ ಮೇಲೆ 'ಓಲ್ಡ್ ಟೌನ್ ರೋಡ್' ಹಾಡಿದ. 2019ರ ಮಾರ್ಚ್‌ನಲ್ಲಿ ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆ ಅದನ್ನು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಅದೇ ಹಾಡು ಎಲ್ಲಾ ಬಗೆಯ ಹಾಡುಗಳ ದೊಡ್ಡ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ನಮಗೆ ಬಂದ ದೂರು ಇನ್ನೂ ಮಜಾ. ಒಬ್ಬರು ಭಾವಗೀತೆಗೆ ತಬಲಾ ಯಾಕಿಲ್ಲ ಅಂತ ಕೇಳಿದರು. ಇನ್ನೊಬ್ಬರು 'ಆತಪಾ' ಕಾಗುಣಿತ ತಪ್ಪು ಅಂದರು.

ಒಂದೇ ಹಾಡು ಬಿಡಬೇಡಿ, ಜೊತೆಗೆ ಇನ್ನೊಂದು ಇರಲಿ. 'ಹೀಲ್ ಹ್ಯಾವ್ ಟು ಗೋ' 1959ರಲ್ಲಿ ಬಂದಾಗ ರೆಕಾರ್ಡಿನ ಹಿಂದಿನ ಪಕ್ಕದಲ್ಲಿತ್ತು. ಕಂಪನಿ ಮಾರಲು ಹೊರಟಿದ್ದು ಇನ್ನೊಂದು ಹಾಡು. ರೇಡಿಯೊದವರು ರೆಕಾರ್ಡ್ ಮಗುಚಿ ಹಾಕಿದರು, 1960ರಲ್ಲಿ ಅದು ಕಂಟ್ರಿ ಪಟ್ಟಿಯಲ್ಲಿ 14 ವಾರ ಮೊದಲು ನಿಂತಿತು. ನಮ್ಮದೂ ಹಾಗೇ. ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಮೇಲೆ ಒಂದು ಸಂಜೆ ತಮಾಷೆಗೆ ಬರೆದ ಹಾಡನ್ನು ಜೊತೆಗೆ ಹಾಕಿದ್ದೆವು. ಎಂಟು ತಿಂಗಳು ಜೀವ ತೇಯ್ದ ಹಾಡನ್ನು ಅದು ಎರಡೇ ವಾರಕ್ಕೆ ಹಿಂದೆ ಹಾಕಿತು. ಹುಡುಗನಿಗೆ ಖುಷಿ. ನನಗೆ ಇನ್ನೂ ಸ್ವಲ್ಪ ಹೊಟ್ಟೆಯುರಿ.

ಕೊನೆಯದಾಗಿ, ಮಿಕ್ಸ್ ಮುಗಿಸುವಾಗ ದನಿ ಇಲ್ಲದ ಬರೀ ವಾದ್ಯದ ಫೈಲ್ ಒಂದನ್ನು ತಪ್ಪದೆ ತೆಗೆದಿಡಿ. ನಾನು ತೆಗೆದಿಟ್ಟಿರಲಿಲ್ಲ. ಮೂರು ತಿಂಗಳಾದಮೇಲೆ ಹಾವೇರಿ ಕಡೆಯ ಒಬ್ಬ ಮದುವೆ ವಿಡಿಯೊದವರು ಫೋನ್ ಮಾಡಿ ಅದನ್ನೇ ಕೇಳಿದರು. ಹಾಡು ಬಹಳ ಚಲೋ ಐತ್ರಿ, ಆ 'ಊಟ ಆಯ್ತಾ' ಮ್ಯೂಸಿಕ್ ಇದ್ದರೆ ಕೊಡಿ, ಊಟದ ಪಂಕ್ತಿ ತೋರಿಸುವಾಗ ಹಾಕುತ್ತೇವೆ ಅಂದರು. ನಾನು ಒಂದು ನಿಮಿಷ ಸುಮ್ಮನಾದೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು, ದನಿಯ ಟ್ರ್ಯಾಕ್ ಮುಚ್ಚಿ, ಮತ್ತೆ ಮಿಕ್ಸ್ ಮಾಡಲು ಕೂತೆ. ಮೇ ತಿಂಗಳು, ಆದರೆ ಈ ಸಲ ಫ್ಯಾನ್ ಹಾಕಿಕೊಳ್ಳಬಹುದಿತ್ತು.